ಬೇಸಿಗೆ ಬಂತೆಂದು ಹಾಡಿದರು

ಬೇಸಿಗೆ ಅಂದರೆ ನಮಗೆ ಏನು ನೆನಪಾಗುತ್ತದೆ? ಬಿಸಿಲು, ಬೆವರು, ಬತ್ತಿದ ಬಾವಿ. ಆದರೆ ಬೇಸಿಗೆ ಬಂತೆಂದು ಖುಷಿಪಟ್ಟು ಹಾಡಿದ ಜನರೂ ಇದ್ದಾರೆ. ಅವರದೊಂದು ಹಳೆಯ ಹಾಡಿನ ಕತೆ ಓದೋಣ ಬನ್ನಿ.

ಇಂಗ್ಲೆಂಡ್ ಚಳಿಯ ದೇಶ. ಚಳಿಗಾಲದಲ್ಲಿ ಅಲ್ಲಿ ಹಗಲು ಬಹಳ ಚಿಕ್ಕದು. ಸಂಜೆ 4 ಗಂಟೆಗೇ ಕತ್ತಲಾಗುತ್ತದೆ. ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಹಿಂದಿನ ಕಾಲದಲ್ಲಿ ಕರೆಂಟು ಎಲ್ಲಿತ್ತು? ಒಲೆಯ ಬೆಂಕಿಯೇ ಆಸರೆ. ದನಕರುಗಳಿಗೆ ಹಸಿ ಹುಲ್ಲಿಗೂ ಕಷ್ಟ. ಹಾಗಾಗಿ ಬಿಸಿಲು ಬಂದರೆ ಹೋದ ಜೀವ ಬಂದ ಹಾಗೆ.

ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಒಂದು ಹಕ್ಕಿ ಬರುತ್ತದೆ. ಹೆಸರು ಕುಕೂ. ನಮ್ಮ ಕೋಗಿಲೆಯ ಬಳಗದ್ದು. ಚಳಿಗಾಲವನ್ನು ಆಫ್ರಿಕಾದಲ್ಲಿ ಕಳೆದು ವಾಪಸು ಬರುತ್ತದೆ. ಅದರ ದನಿ ಕೇಳಿದರೆ ಚಳಿ ಮುಗಿಯಿತು ಅಂತ ಅರ್ಥ.

ಸುಮಾರು 750 ವರ್ಷಗಳ ಹಿಂದಿನ ಈ ಹಾಡು ಆ ಹಕ್ಕಿಯನ್ನೇ ಕರೆಯುತ್ತದೆ. ಇದರಲ್ಲಿ ರಾಜ ರಾಣಿಯರಿಲ್ಲ. ಬೆಳೆಯುವ ಬೀಜ, ಚಿಗುರುವ ಕಾಡು, ಮರಿಗಾಗಿ ಕೂಗುವ ಕುರಿ, ಕರುವನ್ನು ಕರೆಯುವ ಹಸು ಇವೆ. ಎಲ್ಲಾ ಹೊಲ ಮನೆಯ ಮಾತು.

ಇದನ್ನು ಹಾಡುವ ರೀತಿಯೇ ಚೆಂದ. ಒಬ್ಬರು ಶುರು ಮಾಡುತ್ತಾರೆ. ಅವರು ಸ್ವಲ್ಪ ಮುಂದೆ ಹೋದ ಮೇಲೆ ಎರಡನೆಯವರು ಅದೇ ಹಾಡನ್ನು ಮೊದಲಿನಿಂದ ಹಿಡಿಯುತ್ತಾರೆ. ಆಮೇಲೆ ಮೂರನೆಯವರು, ನಾಲ್ಕನೆಯವರು. ಇನ್ನಿಬ್ಬರು ಕೆಳಗಿನ ದನಿಯಲ್ಲಿ ಒಂದು ಚಿಕ್ಕ ಸಾಲನ್ನು ಮತ್ತೆ ಮತ್ತೆ ಹೇಳುತ್ತಾರೆ. ಒಟ್ಟು 6 ದನಿ. ಒಂದರ ಹಿಂದೆ ಒಂದು ಬಂದರೂ ದನಿಗಳು ಹೊಂದಿಕೊಳ್ಳುತ್ತವೆ!

ಇಷ್ಟು ಹಳೆಯ ಹಾಡು ನಮಗೆ ಹೇಗೆ ಗೊತ್ತಾಯಿತು? ಯಾರೋ ಚರ್ಮದ ಹಾಳೆಯ ಮೇಲೆ ಬರೆದಿಟ್ಟಿದ್ದರು. ಮಾತು ಬರೆದರು. ರಾಗದ ಗುರುತು ಹಾಕಿದರು. ಎರಡನೆಯವರು ಎಲ್ಲಿ ಶುರು ಮಾಡಬೇಕು ಅನ್ನುವುದಕ್ಕೂ ಒಂದು ಗುರುತು ಇಟ್ಟರು. ಆ ಪುಸ್ತಕ ರೆಡಿಂಗ್ ಎಂಬ ಊರಿನ ಮಠದಲ್ಲಿತ್ತು. 1539ರಲ್ಲಿ ರಾಜ ಆ ಮಠವನ್ನು ಮುಚ್ಚಿಸಿದ. ಕಟ್ಟಡ ಹಾಳಾಯಿತು. ಪುಸ್ತಕ ಮಾತ್ರ ಉಳಿಯಿತು. ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1972ರಲ್ಲಿ ಜರ್ಮನಿಯ ಮ್ಯೂನಿಕ್ ಒಲಿಂಪಿಕ್ಸ್ ಶುರುವಾದ ದಿನ ಈ ಹಾಡನ್ನು ಹಾಡಿಸಿದರು.

ಹಾಡು ಕಟ್ಟಿದವರ ಹೆಸರು ಆ ಹಾಳೆಯಲ್ಲಿಲ್ಲ. ಆಗ ಬಾಯಲ್ಲೇ ಇದ್ದ ಎಷ್ಟೋ ಹಾಡುಗಳು ಹಾಡುವವರ ಜೊತೆಗೇ ಹೋದವು. ಇದು ಉಳಿಯಿತು. ಬರೆಯಲು ಬಂದ ಒಂದು ಕೈ ಇದನ್ನು ಉಳಿಸಿತು.

ನಿಮ್ಮ ಅವ್ವ, ಅಜ್ಜಿ ಹಾಡುತ್ತಿದ್ದ ಹಾಡು ಯಾವುದು? ಅದನ್ನು ಯಾರಾದರೂ ಬರೆದಿಟ್ಟಿದ್ದಾರಾ?