ಪುಸ್ತಕದ ಬೆನ್ನ ಮೇಲೊಂದು ವಿಳಾಸ: ಮಕ್ಕಳಿಗೆ ಓದಿಸೋದು ಹೇಗೆ?

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ತಮ್ಮನನ್ನೋ ಅಕ್ಕನ ಮಗಳನ್ನೋ ಲೈಬ್ರರಿಯೊಳಗೆ ಬಿಟ್ಟು, "ಹಕ್ಕಿಗಳ ಬಗ್ಗೆ ಒಂದು ಪುಸ್ತಕ ಹುಡುಕಿ ತಾ" ಅಂದರೆ, ಯಾರನ್ನೂ ಕೇಳದೆ ತರ್ತಾರಾ?

ಬಹಳ ಮಕ್ಕಳಿಗೆ ಅದು ಕಷ್ಟ. ಅವರಿಗೆ ಬುದ್ಧಿ ಇಲ್ಲ ಅಂತಲ್ಲ. ಪುಸ್ತಕದ ಬೆನ್ನಿಗೆ ಅಂಟಿಸಿರೋ ಪುಟ್ಟ ಚೀಟಿಯನ್ನು ಓದೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲ್ಲ. ಧೈರ್ಯ ಇರೋ ಮಗು ಗ್ರಂಥಪಾಲಕರ ಹತ್ತಿರ ಹೋಗಿ ಕೇಳುತ್ತೆ. ನಾಚಿಕೆಯ ಮಗು ಎದುರಿಗೆ ಸಿಕ್ಕಿದ್ದನ್ನು ಎರಡು ಸಲ ತಿರುವಿ ಹಾಕಿ ವಾಪಸ್ ಬರುತ್ತೆ. ಈ ಸಂಚಿಕೆ ಮಾಡಬೇಕು ಅಂತ ನನಗನ್ನಿಸಿದ್ದು ಆ ಎರಡನೇ ಮಗುವಿಗೋಸ್ಕರ.

ಮೊದಲು ಪಿನ್‌ಕೋಡ್‌ನಿಂದ ಶುರು ಮಾಡಿ. ಆನ್‌ಲೈನಲ್ಲಿ ಏನಾದರೂ ತರಿಸೋ ಮನೆಯ ಮಕ್ಕಳಿಗೆಲ್ಲ ಅದು ಗೊತ್ತು. ಶಿವಮೊಗ್ಗದ 577201 ತಗೊಳ್ಳಿ. 5 ಅಂದರೆ ದಕ್ಷಿಣದ ಒಂದು ವಲಯ. 57 ಅಂದಾಗ ಕರ್ನಾಟಕಕ್ಕೆ ಬಂದ್ವಿ. ಪೂರ್ತಿ ಸಂಖ್ಯೆ ಓದಿದರೆ ಒಂದು ಅಂಚೆ ಕಚೇರಿ. ದೊಡ್ಡದರಿಂದ ಚಿಕ್ಕದಕ್ಕೆ ಇಳೀತಾ ಹೋಗೋದು, ಅಷ್ಟೇ.

ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವೂ ಹೀಗೇ ನಡೆಯುತ್ತೆ. ಎಲ್ಲ ವಿಷಯಗಳನ್ನೂ 000ದಿಂದ 900ರವರೆಗೆ ಹತ್ತು ಗುಂಪು ಮಾಡಿದ್ದಾರೆ. 500 ವಿಜ್ಞಾನ. 590 ಪ್ರಾಣಿಗಳು. 598 ಹಕ್ಕಿಗಳು. ಮೂರು ಅಂಕಿಯಲ್ಲಿ ಹಕ್ಕಿಯ ಮನೆ ಸಿಕ್ಕಿಬಿಡ್ತು!

ಸಂಖ್ಯೆಯ ಕೆಳಗೆ ಸಾಮಾನ್ಯವಾಗಿ ಲೇಖಕರ ಹೆಸರಿನ ಒಂದೆರಡು ಅಕ್ಷರ ಇರುತ್ತೆ. ಸಂಖ್ಯೆ ಬೀದಿಯಾದರೆ ಅಕ್ಷರ ಮನೆ ನಂಬರ್. ಇವೆರಡೂ ಸೇರಿ 'ಕರೆ ಸಂಖ್ಯೆ'. ಪುಸ್ತಕದ ಒಳಗೆ ಮುದ್ರೆ ಹಾಕಿ ಬರೆದಿರೋ ಇನ್ನೊಂದು ಸಂಖ್ಯೆಯನ್ನು ಇದರ ಜೊತೆ ಬೆರೆಸಬೇಡಿ. ಅದು ದಾಖಲಾತಿ ಸಂಖ್ಯೆ. ಲೈಬ್ರರಿಗೆ ಎಷ್ಟನೆಯದಾಗಿ ಬಂದ ಪುಸ್ತಕ ಅಂತ ಅದು ಹೇಳುತ್ತೆ, ಎಲ್ಲಿ ಕೂರಬೇಕು ಅಂತ ಹೇಳಲ್ಲ.

ಈಗ ಮಕ್ಕಳು ತಡವರಿಸೋ ಜಾಗ, ಪಾಯಿಂಟ್. ಕ್ರಿಕೆಟ್ 796.358. ಓಟ, ಜಿಗಿತ ಎಲ್ಲ ಸೇರೋ ಅಥ್ಲೆಟಿಕ್ಸ್ 796.42. ಯಾವುದು ಮೊದಲು? "42 ಚಿಕ್ಕದು, ಅದೇ ಮೊದಲು" ಅಂತಾರೆ. ಅಲ್ಲ. ಪಾಯಿಂಟ್ ಆದಮೇಲೆ ಒಂದೊಂದೇ ಅಂಕಿ ನೋಡಬೇಕು. 3 ಮೊದಲು, 4 ಆಮೇಲೆ. ಹಾಗಾಗಿ ಕ್ರಿಕೆಟ್ ಮುಂದೆ ನಿಲ್ಲುತ್ತೆ. ನಿಘಂಟಿನಲ್ಲಿ ಉದ್ದದ ಪದವೋ ಗಿಡ್ಡ ಪದವೋ ಅಂತ ನೋಡದೆ ಅಕ್ಷರ ಅಕ್ಷರ ಹೋಲಿಸ್ತೀವಲ್ಲ, ಹಾಗೆ.

ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹತ್ತಲ್ಲ, ಆಡಿಸಬೇಕು. ನಾನು ಮಾಡೋದು ಇಷ್ಟು: ಹಳೇ ರಟ್ಟಿನ ಮೇಲೆ ಸಂಖ್ಯೆ ಬರೆದು ಒಬ್ಬೊಬ್ಬರ ಕೈಗೂ ಒಂದೊಂದು ಕೊಡ್ತೀನಿ. ಈಗ ಅವರೇ ಪುಸ್ತಕಗಳು. ಸಾಲಾಗಿ ನಿಲ್ಲಬೇಕು. ಫುಟ್‌ಬಾಲಿನ 796.334 ಬಂದಾಗ ಎಲ್ಲರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಡಬೇಕು. ಹೊಸ ಪುಸ್ತಕ ಬಂದರೆ ಕಪಾಟಿನಲ್ಲೂ ಆಗೋದು ಅದೇ. ಇನ್ನೊಂದು ವಿಷಯ: ಒಂದು ಕಪಾಟನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಪೂರ್ತಿ ಮುಗಿಸಿ ಆಮೇಲೆ ಪಕ್ಕದ ಕಪಾಟಿಗೆ ಹೋಗಬೇಕು ಅಂತ ಬೆರಳಿಟ್ಟು ತೋರಿಸಿ. ಇಲ್ಲದಿದ್ದರೆ ಗೋಡೆ ಉದ್ದಕ್ಕೂ ಮೇಲಿನ ಸಾಲನ್ನೇ ಓದ್ಕೊಂಡು ಹೋಗ್ತಾರೆ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಪೂರ್ಣಚಂದ್ರ ತೇಜಸ್ವಿಯವರ ಎರಡು ಪುಸ್ತಕ ಹುಡುಕಿಸಿ. 'ಕನ್ನಡ ನಾಡಿನ ಹಕ್ಕಿಗಳು' 598ರ ಕಡೆ ಇರಬೇಕು. 'ಕರ್ವಾಲೊ'ದಲ್ಲಿ ಹಾರುವ ಓತಿ ಇದ್ದರೂ ಅದು ಪ್ರಾಣಿಗಳ ಜೊತೆ ಕೂರಲ್ಲ, ಕಾದಂಬರಿಗಳ ಜೊತೆ ಕೂರುತ್ತೆ. ಯಾಕೆ ಅಂತ ಮಕ್ಕಳೇ ವಾದ ಮಾಡಲಿ. ಚೀಟಿಯ ಮೇಲೆ 'ತೇಜ' ಅಂತಿದೆಯೋ 'ಪೂರ್ಣ' ಅಂತಿದೆಯೋ, ಅದನ್ನೂ ನೋಡಲಿ. ನಮ್ಮ ಹೆಸರುಗಳಲ್ಲಿ ಯಾವ ಭಾಗ ಹಿಡಿಯಬೇಕು ಅನ್ನೋದು ಆಯಾ ಲೈಬ್ರರಿಯ ಪದ್ಧತಿ.

ಒಂದು ಸತ್ಯವನ್ನೂ ಮಕ್ಕಳಿಂದ ಮುಚ್ಚಿಡಬೇಡಿ. ಡ್ಯೂಯಿ ಪದ್ಧತಿಯಲ್ಲಿ ಇಂಗ್ಲಿಷ್ ಕಾದಂಬರಿಗೆ 823, ಮೂರೇ ಅಂಕಿ. ಕನ್ನಡ ಸಾಹಿತ್ಯಕ್ಕೆ 894.814. ಉಳಿದ ಭಾಷೆಗಳನ್ನೆಲ್ಲ ಸೇರಿಸಿರೋ 890ರೊಳಗೆ ಒಂದು ಮೂಲೆ. ನಮ್ಮೂರ ಲೈಬ್ರರಿಯಲ್ಲಿ ಬೀರುಗಟ್ಟಲೆ ಪುಸ್ತಕಕ್ಕೆ ಅದೇ ಸಂಖ್ಯೆ. ಅಲ್ಲಿ ದಾರಿ ತೋರಿಸೋದು ಅಕ್ಷರ. ಕಾರಂತರ 'ಕಾ' ಮೊದಲು, ಕುವೆಂಪು ಅವರ 'ಕು' ಆಮೇಲೆ. ಕಾಗುಣಿತ ಗೊತ್ತಿದ್ದರೆ ಸಾಕು. ವಿಂಗಡಣೆಗೆ ಬೇರೆ ದಾರಿಯೂ ಇದೆ ಅಂತ ತೋರಿಸಿದವರು ನಮ್ಮವರೇ ಆದ ಎಸ್.ಆರ್. ರಂಗನಾಥನ್. 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟಿಸಿದರು. ಅವರ ಕೊನೆಯ ವರ್ಷಗಳು ಕಳೆದದ್ದು ಬೆಂಗಳೂರಿನಲ್ಲಿ.

ಕೊನೆಯದಾಗಿ, ಓದಿದ ಪುಸ್ತಕವನ್ನು ಕಪಾಟಿಗೆ ಸೇರಿಸೋ ಆತುರ ಬೇಡ, ಮೇಜಿನ ಮೇಲೆ ಬಿಡು ಅಂತ ಹೇಳಿ. ತಪ್ಪು ಜಾಗದಲ್ಲಿ ಕೂತ ಪುಸ್ತಕ ಲೆಕ್ಕದಲ್ಲಿ ಇರುತ್ತೆ, ಕೈಗೆ ಸಿಗಲ್ಲ. ಕಳೆದುಹೋದದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಹಳ್ಳಿಯಲ್ಲಿದ್ದರೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಲೈಬ್ರರಿಯಲ್ಲಿ ಚೀಟಿಯೇ ಇಲ್ಲವಾ? ಗ್ರಂಥಪಾಲಕರನ್ನು ಕೇಳಿ, ಮಕ್ಕಳನ್ನೇ ಕೂರಿಸಿ ಒಂದು ಕಪಾಟಿಗೆ ಅಂಟಿಸಿ: ಕಥೆಗೆ ಒಂದು ಬಣ್ಣ, ವಿಜ್ಞಾನಕ್ಕೆ ಇನ್ನೊಂದು. ತಾನೇ ಅಂಟಿಸಿದ ಚೀಟಿಯನ್ನು ಮಗು ಮರೆಯಲ್ಲ. ಮುಂದಿನ ಸಲ ಯಾರ ಮುಖವನ್ನೂ ನೋಡದೆ ಸೀದಾ ಆ ಕಪಾಟಿಗೇ ಹೋಗುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.