ನೀವು ಬರೆದದ್ದನ್ನು ಓದುವವರು ಯಾರು?

ಕಾರ್ಖಾನೆಯಲ್ಲಿ ಬರವಣಿಗೆಗೆ ಏನು ಕೆಲಸ ಎನ್ನುವವರು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಯಾವುದಾದರೂ ಕಂಪನಿಯ ಶಿಫ್ಟ್ ಲಾಗ್‌ಬುಕ್ ತೆರೆದು ನೋಡಬೇಕು. ರಾತ್ರಿ ಪಾಳಿಯವರು ಬೆಳಗಿನವರಿಗೆ ಬಿಟ್ಟುಹೋಗುವ ನಾಲ್ಕು ಸಾಲು ಅದರಲ್ಲಿರುತ್ತವೆ. ‘ಪಂಪ್ ಪ್ರಾಬ್ಲಂ, ಮೆಂಟೆನೆನ್ಸ್‌ಗೆ ತಿಳಿಸಿದೆ’ ಎಂದಷ್ಟೇ ಬರೆದುಹೋದರೆ ಬೆಳಗಿನವನಿಗೆ ಅರ್ಥವಾಗುವುದು ಇಷ್ಟೇ: ಯಾವುದೋ ಪಂಪು, ಏನೋ ತೊಂದರೆ. ಯಾವ ಪಂಪು, ಎಷ್ಟು ಹೊತ್ತಿಗೆ, ಈಗ ಓಡುತ್ತಿದೆಯೋ ನಿಂತಿದೆಯೋ, ತಿಳಿಸಿದ್ದು ಯಾರಿಗೆ? ಇದನ್ನೆಲ್ಲ ಕೇಳಲು ಆಗಷ್ಟೇ ಮನೆ ಸೇರಿ ಮಲಗಿದವನಿಗೆ ಫೋನ್ ಹಚ್ಚಬೇಕು. ಅದೇ ಸಂಗತಿಯನ್ನು ‘ರಾತ್ರಿ 2.40ಕ್ಕೆ 3ನೇ ಪಂಪಿನ ಗ್ಲ್ಯಾಂಡ್‌ನಲ್ಲಿ ನೀರು ಸೋರುತ್ತಿತ್ತು. ಅದನ್ನು ನಿಲ್ಲಿಸಿ ಸ್ಟ್ಯಾಂಡ್‌ಬೈ ಪಂಪ್ ಹಾಕಿದ್ದೇನೆ. ಪ್ಯಾಕಿಂಗ್ ಬದಲಿಸುವವರೆಗೆ 3ನೆಯದನ್ನು ಚಾಲೂ ಮಾಡಬೇಡಿ’ ಎಂದು ಬರೆದಿಟ್ಟರೆ ಫೋನಿನ ಗೊಡವೆ ಇಲ್ಲ. ಇದರಲ್ಲಿ ಪಾಂಡಿತ್ಯವೇನೂ ಇಲ್ಲ. ಓದುವವನು ಮುಂದೇನು ಕೇಳಿಯಾನು ಎಂಬುದು ಬರೆಯುವವನಿಗೆ ಮೊದಲೇ ಹೊಳೆದಿದೆ, ಅಷ್ಟೆ.

ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ, ಸೋಮನಹಳ್ಳಿ ದಾಟಿ ಸಿಗುವ ಈ ಪ್ರದೇಶವನ್ನು ಕೆಐಎಡಿಬಿ ಹಂತಹಂತವಾಗಿ ಬೆಳೆಸಿದೆ. ಪಿಜನ್ ಕುಕ್ಕರ್, ಸ್ಟೌಗಳನ್ನು ತಯಾರಿಸುವ ಸ್ಟೋವ್ ಕ್ರಾಫ್ಟ್ ಕಾರ್ಖಾನೆ ಇಲ್ಲಿದೆ. ಹತ್ತಿರದಲ್ಲೇ ದಯಾನಂದ ಸಾಗರ್ ವಿಶ್ವವಿದ್ಯಾಲಯವೂ ಇದೆ. ಸುತ್ತಲಿನ ಊರುಗಳ ಐಟಿಐ, ಡಿಪ್ಲೊಮಾ ಹುಡುಗರು, ಉತ್ತರ ಕರ್ನಾಟಕದಿಂದ ಬಂದು ರೂಮು ಮಾಡಿಕೊಂಡವರು, ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಮೆಟ್ರೊದಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯುವ ಬೆಂಗಳೂರಿನವರು, ಎಲ್ಲರೂ ಇಲ್ಲಿ ಸೇರುತ್ತಾರೆ. ಆಪರೇಟರ್ ಆಗಿದ್ದವನು ಸೂಪರ್‌ವೈಸರ್ ಆದ ದಿನ ಕೈಯ ಕೆಲಸ ಕಡಿಮೆಯಾಗಿ ಬರೆಯುವ ಕೆಲಸ ಹೆಚ್ಚುತ್ತದೆ. ವರದಿ, ಮೇಲ್, ಗ್ರಾಹಕರ ದೂರಿಗೆ ಉತ್ತರ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ಬಸ್ಸಿನಲ್ಲಿ ಮೊಬೈಲ್ ತೆಗೆದು ಬರವಣಿಗೆ ಸುಧಾರಿಸುವ ಆನ್‌ಲೈನ್ ಕೋರ್ಸ್ ಹುಡುಕತೊಡಗುವುದು ಆಗ.

ಕೋರ್ಸ್‌ಗಳಿಗೇನೂ ಬರವಿಲ್ಲ. ಬಹುಪಾಲು ಜನ ನೋಡುವುದು ಶುಲ್ಕ ಎಷ್ಟು, ಸರ್ಟಿಫಿಕೇಟ್ ಯಾರದು, ಎಷ್ಟು ವಾರ ಎಂದು. ನಾನಾದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಈ ಕೋರ್ಸ್‌ನಲ್ಲಿ ನಾನು ಬರೆದದ್ದನ್ನು ಯಾರಾದರೂ ಓದುತ್ತಾರೆಯೇ? ಲೇತ್ ಕೆಲಸದ ವಿಡಿಯೊವನ್ನು ನೂರು ಸಲ ನೋಡಿದರೂ ಜಾಬ್ ಸೈಜಿಗೆ ಬರುವುದಿಲ್ಲ. ಮಾಡಿದ ಜಾಬಿಗೆ ಗೇಜ್ ಇಟ್ಟು ‘ಇಲ್ಲಿ ಜಾಸ್ತಿ ತೆಗೆದಿದ್ದೀಯ’ ಎನ್ನುವವರು ಬೇಕು. ಪಾಠದ ವಿಡಿಯೊ ಇವತ್ತು ಅಗ್ಗ, ಎಷ್ಟೋ ಕಡೆ ಪುಕ್ಕಟೆ. ತುಟ್ಟಿಯಾಗಿರುವುದು ಓದಿ ತಿದ್ದುವ ಕಣ್ಣು.

ನಮ್ಮಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಎನ್‌ಪಿಟಿಇಎಲ್ ಅನ್ನು. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ 2003ರಲ್ಲಿ ಶುರುಮಾಡಿದ ಯೋಜನೆ ಇದು. 2017ರಲ್ಲಿ ಬಂದ ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಲ್ಲಿ ಇದರ ಕೋರ್ಸ್‌ಗಳು ಸಿಗುತ್ತವೆ. ಐಐಟಿ ರೂರ್ಕಿಯ ಬಿನೋದ್ ಮಿಶ್ರಾ ಅವರ ‘ಎಫೆಕ್ಟಿವ್ ರೈಟಿಂಗ್’, ಐಐಟಿ ಮದ್ರಾಸ್‌ನ ಆಯಿಷಾ ಇಕ್ಬಾಲ್ ಅವರ ‘ಟೆಕ್ನಿಕಲ್ ಇಂಗ್ಲಿಷ್ ಫಾರ್ ಎಂಜಿನಿಯರ್ಸ್’ ಎರಡೂ ನಮ್ಮ ಸೂಪರ್‌ವೈಸರ್‌ಗೆ ಒಗ್ಗುವಂಥವೇ. ಸೇರಲು ದುಡ್ಡು ಬೇಡ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ 1000 ರೂಪಾಯಿ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಉತ್ತೀರ್ಣರಾಗಲು ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಬೇಕು. ಪಾಠಗಳು ಗಟ್ಟಿ, ಉಪನ್ಯಾಸ ನಿಧಾನ. ತಲೆಯಾಡಿಸುತ್ತ ಕೇಳಬಹುದು.

ತೊಡಕಿರುವುದು ಇನ್ನೊಂದು ಕಡೆ. ಸಾವಿರಾರು ಮಂದಿ ಸೇರುವ ಕೋರ್ಸ್‌ನಲ್ಲಿ ಉತ್ತರಪತ್ರಿಕೆ ಓದುತ್ತ ಕೂರಲು ಯಾರಿಂದಲೂ ಆಗದು. ಹಾಗಾಗಿ ಅಸೈನ್‌ಮೆಂಟ್‌ಗಳು ಬಹುಮಟ್ಟಿಗೆ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಗುರುತಿಸುವ ಪ್ರಶ್ನೆಗಳು. ಬರವಣಿಗೆಯ ಕೋರ್ಸನ್ನು ಒಂದು ವಾಕ್ಯವನ್ನೂ ಬರೆಯದೆ ಮುಗಿಸಿಬಿಡಬಹುದು! ವ್ಯಂಗ್ಯವಾಡಲು ಇದನ್ನು ಹೇಳುತ್ತಿಲ್ಲ. ತಪ್ಪನ್ನು ಗುರುತಿಸುವುದೂ ಒಂದು ಕೌಶಲವೇ, ಪದವಿ ವಿದ್ಯಾರ್ಥಿಗಳಿಗೆ ಇಂಥ ಕೋರ್ಸ್‌ನಿಂದ ಕ್ರೆಡಿಟ್ ಸಿಗುವ ಅವಕಾಶವೂ ಇದೆ. ಆದರೆ ನಾಳೆ ಬೆಳಿಗ್ಗೆ ಗ್ರಾಹಕರ ದೂರಿಗೆ ಉತ್ತರ ಬರೆಯಬೇಕಾದವನಿಗೆ ಇದು ಅರ್ಧ ದಾರಿ.

ಇನ್ನರ್ಧ ದಾರಿಗೆ ಒಂದು ಉಪಾಯವನ್ನು ಕೋರ್ಸೆರಾದಂಥ ತಾಣಗಳು ಮೊದಲಿನಿಂದಲೂ ಮಾಡಿಕೊಂಡಿವೆ. 2012ರಲ್ಲಿ ಹುಟ್ಟಿದ ಕೋರ್ಸೆರಾದಲ್ಲಿ ಮರುವರ್ಷವೇ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಪ್ರಬಂಧ ರಚನೆಯ ಕೋರ್ಸ್ ನಡೆಸಿತು. ಒಬ್ಬ ವಿದ್ಯಾರ್ಥಿ ಬರೆದದ್ದನ್ನು ಇತರ ವಿದ್ಯಾರ್ಥಿಗಳು ಓದಿ ಅಭಿಪ್ರಾಯ ಬರೆಯಬೇಕು. ಆಮೇಲೆ ಅವನು ಅದನ್ನು ತಿದ್ದಿ ಬರೆಯಬೇಕು. ಓದುವವರು ಮೇಷ್ಟ್ರಲ್ಲ, ಬ್ರೆಜಿಲ್‌ನದೋ ಬಿಹಾರದ್ದೋ ಇನ್ನೊಬ್ಬ ವಿದ್ಯಾರ್ಥಿ. ಒಮ್ಮೊಮ್ಮೆ ‘ಗುಡ್’ ಎಂದು ಒಂದೇ ಪದ ಗೀಚಿ ಕೈತೊಳೆದುಕೊಳ್ಳುವವರೂ ಸಿಗುತ್ತಾರೆ. ಆದರೂ ಇನ್ನೊಬ್ಬರ ಕಚ್ಚಾ ಬರಹದಲ್ಲಿ ಎಡವಿದ ಜಾಗಗಳನ್ನು ಗುರುತಿಸುತ್ತ ಹೋದಾಗ ನಮ್ಮದರಲ್ಲೂ ಅವೇ ಕಾಣತೊಡಗುತ್ತವೆ.

ಕಾರ್ಖಾನೆಯವರಿಗೆ ನಾನು ಮೊದಲು ಹೇಳುವುದು ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟಿನ್ ಸೈನಾನಿ ಅವರ ‘ರೈಟಿಂಗ್ ಇನ್ ದ ಸೈನ್ಸಸ್’ ಕೋರ್ಸನ್ನು. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಅವರು ಮಾಡುವುದು ಇಷ್ಟು: ಯಾರೋ ಬರೆದ ಉದ್ದುದ್ದ ವಾಕ್ಯಗಳನ್ನು ಪರದೆಯ ಮೇಲೆ ಇಟ್ಟುಕೊಂಡು ನಮ್ಮ ಕಣ್ಣೆದುರೇ ಕತ್ತರಿ ಹಾಕುತ್ತಾರೆ. ಈ ಪದ ಯಾಕೆ, ಇದನ್ನು ತೆಗೆದರೆ ಅರ್ಥ ಕೆಟ್ಟೀತೇ, ಕೆಲಸ ಮಾಡಿದವರು ಯಾರೆಂದು ವಾಕ್ಯ ಹೇಳುತ್ತಿದೆಯೇ ಎಂದು ಕೇಳುತ್ತ ಕೇಳುತ್ತ ನಾಲ್ಕು ಸಾಲನ್ನು ಎರಡಕ್ಕೆ ಇಳಿಸುತ್ತಾರೆ. ಸುಮ್ಮನೆ ನೋಡಬೇಡಿ. ವಿಡಿಯೊ ನಿಲ್ಲಿಸಿ, ಅದೇ ವಾಕ್ಯವನ್ನು ಮೊದಲು ನೀವು ತಿದ್ದಿ, ಆಮೇಲೆ ಅವರದನ್ನು ನೋಡಿ. ಎರಡರ ನಡುವಿನ ಅಂತರವೇ ಪಾಠ. ಯಂತ್ರ ನಡೆಸುವ ಕ್ರಮವನ್ನು, ಅಂದರೆ ಎಸ್‌ಒಪಿಯನ್ನು ಬರೆಯಬೇಕಾದವರಿಗೆ ಗೂಗಲ್ ಸಂಸ್ಥೆಯ ಉಚಿತ ‘ಟೆಕ್ನಿಕಲ್ ರೈಟಿಂಗ್’ ಪಾಠಗಳೂ ಆಗುತ್ತವೆ. ಅವು ಸಾಫ್ಟ್‌ವೇರ್‌ನವರಿಗೆಂದು ಮಾಡಿದವು. ಆದರೆ ವಾಕ್ಯಕ್ಕೊಂದೇ ವಿಚಾರ, ಒಂದು ವಸ್ತುವಿಗೆ ಕೊನೆಯವರೆಗೂ ಒಂದೇ ಹೆಸರು ಎಂಬ ಶಿಸ್ತು ಬಾಯ್ಲರ್‌ಗೂ ಸಲ್ಲುತ್ತದೆ.

ಸೇರುವವರಲ್ಲಿ ಮುಗಿಸುವವರೆಷ್ಟು? ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳ ಲೆಕ್ಕ ಹಿಡಿದು ಜಸ್ಟಿನ್ ರೀಚ್ ಮತ್ತು ಹೋಸೆ ರೂಯಿಪೆರೆಸ್ ವ್ಯಾಲಿಯೆಂಟೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ, 2017–18ರಲ್ಲಿ ಹೆಸರು ನೋಂದಾಯಿಸಿದವರಲ್ಲಿ ಮುಗಿಸಿದವರು ಶೇ 3ರಷ್ಟು ಮಾತ್ರ. ದುಡ್ಡು ಕಟ್ಟಿ ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ಶೇ 46. ಪಾಳಿ ಬದಲಾದ ವಾರ ನಿದ್ದೆಯೇ ಹೊಂದಿಕೊಳ್ಳದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಒಬ್ಬರೇ ಸೇರುವುದಕ್ಕಿಂತ ಒಂದೇ ಬಸ್ಸಿನ ಇಬ್ಬರು ಒಟ್ಟಿಗೆ ಸೇರುವುದು ಮೇಲು. ಒಬ್ಬರ ವರದಿಯನ್ನು ಇನ್ನೊಬ್ಬರು ಓದಿ, ಅರ್ಥವಾಗದ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದರೂ ಸಾಕು. ತಿದ್ದಲೇಬೇಕೆಂದಿಲ್ಲ, ಗೆರೆಯೇ ಅರ್ಧ ಕೆಲಸ ಮಾಡುತ್ತದೆ.

ಇಲ್ಲಿಯವರೆಗೆ ಇಂಗ್ಲಿಷಿನ ಮಾತಾಯಿತು. ಕನ್ನಡದಲ್ಲಿ ಚೆನ್ನಾಗಿ ಬರೆಯಬೇಕೆಂಬ ಆಸೆ ಇರುವವರೂ ಈ ಶೆಡ್‌ಗಳ ನಡುವೆ ಇದ್ದಾರೆ. ಕತೆ ಬರೆಯುವವರಿದ್ದಾರೆ, ಸಂಘದ ಕರಪತ್ರ ಬರೆಯುವವರಿದ್ದಾರೆ. ಕೈಗಾರಿಕೆಗೆ ಜಮೀನು ಬಿಟ್ಟುಕೊಟ್ಟ ಮನೆಗಳಲ್ಲಂತೂ ಪರಿಹಾರಕ್ಕೊಂದು, ಉದ್ಯೋಗಕ್ಕೊಂದು, ದಾರಿಗೊಂದು ಎಂದು ಅರ್ಜಿ ಬರೆಯುವ ಕೆಲಸ ಮುಗಿಯುವುದೇ ಇಲ್ಲ. ತಾಲ್ಲೂಕು ಕಚೇರಿಯ ಎದುರು ಕೂತ ಅರ್ಜಿ ಬರೆಯುವವರು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುಮಾಡಿದರೆ, ಕೇಳಬೇಕಾದ ಸಂಗತಿ ಸಿಗಲು ಎರಡನೇ ಪುಟಕ್ಕೆ ಹೋಗಬೇಕು. ಸರ್ವೆ ನಂಬರು, ವಿಸ್ತೀರ್ಣ, ಹಿಂದೆ ಅರ್ಜಿ ಕೊಟ್ಟ ತಾರೀಕು, ಈಗ ಆಗಬೇಕಾದ ಒಂದೇ ಕೆಲಸ, ಇಷ್ಟು ಮೊದಲ ಆರು ಸಾಲಿನಲ್ಲಿ ಬಂದುಬಿಟ್ಟರೆ ಗುಮಾಸ್ತರಿಗೂ ಸಲೀಸು. ಇದನ್ನು ಕಲಿಸುವ ಒಳ್ಳೆಯ ಆನ್‌ಲೈನ್ ಕೋರ್ಸ್ ಕನ್ನಡದಲ್ಲಿ ಯಾವುದೆಂದು ಕೇಳಿದರೆ ನನ್ನಿಂದ ಒಂದು ಹೆಸರೂ ಹೊರಡುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳಿವೆ, ಅವು ಸಾಹಿತ್ಯದ ಓದಿಗೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ, ಪತ್ರಿಕೋದ್ಯಮದ ಪದವಿಗಳಿವೆ, ಅವು ವರ್ಷಗಟ್ಟಲೆಯ ಬಾಬತ್ತು. ಆ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇಲ್ಲವೆಂದು 2015ರಲ್ಲಿ ಯುಜಿಸಿ ಹೇಳಿದ್ದು, 2018ರಲ್ಲಿ ಮತ್ತೆ ಮಾನ್ಯತೆ ಕೊಟ್ಟದ್ದು ಹಲವರಿಗೆ ನೆನಪಿರಬಹುದು. ಪದವಿಗೆಂದೇ ಸೇರುವವರು ಯಾವ ಸಂಸ್ಥೆಯಾದರೂ ಸರಿ, ಆ ವರ್ಷದ ಯುಜಿಸಿ ಪಟ್ಟಿಯನ್ನು ನೋಡಿಯೇ ಶುಲ್ಕ ಕಟ್ಟಬೇಕು.

ಸೋಜಿಗವೆಂದರೆ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಬರೆಯುವುದನ್ನು ಕಲಿಸುವ ಪುಸ್ತಕ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದ ಇರುವುದೇ ದೋಷಗಳ ಬಗ್ಗೆ. ಹೀಗೆ ಹೇಳಿದರೆ ಕೆಡುತ್ತದೆ, ಹೀಗೆ ಹೇಳಿದರೆ ಸರಿಹೋಗುತ್ತದೆ ಎಂದು ಉದಾಹರಣೆ ಕೊಡುತ್ತ ಹೋಗುತ್ತದೆ. ಸ್ಟ್ಯಾನ್‌ಫರ್ಡ್‌ನ ಅಧ್ಯಾಪಕಿ ಪರದೆಯ ಮೇಲೆ ಮಾಡುವುದೂ ಅದನ್ನೇ ತಾನೆ.

ಕೋರ್ಸ್ ಇಲ್ಲದಿದ್ದರೂ ಓದಿ ತಿದ್ದುವವರು ಕನ್ನಡದಲ್ಲಿ ಸಿಗುತ್ತಾರೆ, ಪುಕ್ಕಟೆಯಾಗಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ನಿಮ್ಮ ಊರಿನ ಬಗ್ಗೆಯೋ, ನಿಮಗೆ ಗೊತ್ತಿರುವ ಯಂತ್ರದ ಬಗ್ಗೆಯೋ ನಾಲ್ಕು ಪ್ಯಾರಾ ಬರೆದು ಹಾಕಿ. ‘ಆಧಾರ ಎಲ್ಲಿ’ ಎಂದು ಯಾರಾದರೂ ಕೇಳಬಹುದು, ಹೊಗಳಿಕೆಯ ಮಾತುಗಳನ್ನು ಕಿತ್ತು ಹಾಕಬಹುದು, ಕಾಗುಣಿತ ತಿದ್ದಬಹುದು. ಪುಟದ ಇತಿಹಾಸ ತೆರೆದರೆ ನೀವು ಬರೆದದ್ದು, ಅವರು ತಿದ್ದಿದ್ದು ಪಕ್ಕಪಕ್ಕದಲ್ಲೇ ಕಾಣುತ್ತದೆ. ಇಷ್ಟು ನಿಷ್ಠುರವಾದ ಮೇಷ್ಟ್ರು ಹಣ ಕೊಟ್ಟರೂ ಸಿಗುವುದು ಕಷ್ಟ. ಪತ್ರಿಕೆಗಳ ಓದುಗರ ಪತ್ರದ ಅಂಕಣವೂ ಹಾಗೆಯೇ. ನಿಮ್ಮ ಮುನ್ನೂರು ಪದದ ಸಿಟ್ಟನ್ನು ಉಪಸಂಪಾದಕರು ಎಂಬತ್ತು ಪದಕ್ಕೆ ಇಳಿಸಿ ಪ್ರಕಟಿಸುತ್ತಾರೆ. ಕಳಿಸಿದ್ದರ ಪ್ರತಿ ಇಟ್ಟುಕೊಂಡು, ಅಚ್ಚಾದದ್ದರ ಜೊತೆ ಹೋಲಿಸಿ ನೋಡಿ. ಕತೆಗಾರರಿಗೆ ಪ್ರತಿಲಿಪಿಯಂಥ ವೇದಿಕೆಗಳಿವೆ. ಅಲ್ಲಿ ಓದುಗರು ಧಾರಾಳ, ನಕ್ಷತ್ರಗಳೂ ಧಾರಾಳ. ‘ಮುಂದಿನ ಭಾಗ ಬೇಗ ಹಾಕಿ’ ಎನ್ನುವವರು ಉತ್ಸಾಹ ತುಂಬುತ್ತಾರೆಯೇ ಹೊರತು ವಾಕ್ಯ ತಿದ್ದುವುದಿಲ್ಲ. ಪದದ ಅನುಮಾನ ಬಂದರೆ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, 2019ರಿಂದ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುವ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಮೊಬೈಲಿನಲ್ಲಿರಲಿ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳಿವೆ.

ಈಗ ಇದೆಲ್ಲ ಯಾಕೆ, ಎಐಗೆ ಹೇಳಿದರೆ ಅದೇ ಮೇಲ್ ಬರೆದುಕೊಡುತ್ತದಲ್ಲ ಎನ್ನುವವರಿದ್ದಾರೆ. ಕೊಡುತ್ತದೆ, ನುಣ್ಣಗೆ ಕೊಡುತ್ತದೆ. ಆದರೆ ರಾತ್ರಿ 2.40ಕ್ಕೆ ಸೋರಿದ್ದು ಯಾವ ಪಂಪು ಎಂಬುದು ಅದಕ್ಕೆ ಗೊತ್ತಿಲ್ಲ. ಎಐಯನ್ನು ಬರೆಯುವ ಕೈ ಮಾಡಿಕೊಳ್ಳುವ ಬದಲು ಓದುವ ಕಣ್ಣು ಮಾಡಿಕೊಳ್ಳಿ. ನೀವೇ ಬರೆದದ್ದನ್ನು ಕೊಟ್ಟು, ‘ತಿದ್ದಬೇಡ, ನಿನಗೆ ಎಲ್ಲಿ ಅರ್ಥವಾಗಲಿಲ್ಲ ಅಷ್ಟು ಹೇಳು’ ಎಂದು ಕೇಳಿ. ಕಂಪನಿಯ ಡ್ರಾಯಿಂಗು, ಗ್ರಾಹಕರ ಹೆಸರು, ದರಪಟ್ಟಿ ಇವನ್ನು ಮಾತ್ರ ಅದರೊಳಗೆ ಅಂಟಿಸಬೇಡಿ, ಕೆಲಸಕ್ಕೇ ಕುತ್ತು ಬರಬಹುದು.

ಹುಡುಕಲು ಹೊರಟವರಿಗೆ ಕೋರ್ಸ್‌ಗಿಂತ ಮೊದಲು ಎದುರಾಗುವುದು ಜಾಹೀರಾತು. ಮನೆಯಲ್ಲೇ ಕೂತು ಬರೆದು ತಿಂಗಳಿಗೆ ಲಕ್ಷ ಗಳಿಸಿ, ಕೋರ್ಸ್ ಮುಗಿದ ಕೂಡಲೇ ಕೆಲಸ ಗ್ಯಾರಂಟಿ ಎಂದೆಲ್ಲ ಬರುತ್ತದೆ. ಪುಡಿಗಾಸಿನ ವೆಬಿನಾರ್‌ಗೆ ಕರೆದು, ಕೊನೆಯ ಹತ್ತು ನಿಮಿಷದಲ್ಲಿ ‘ಇವತ್ತು ಮಾತ್ರ’ ಎಂದು ಸಾವಿರಗಟ್ಟಲೆಯ ಪ್ಯಾಕೇಜ್ ಮುಂದಿಡುವುದು ಒಂದು ಬಗೆ. ಟೈಪಿಂಗ್ ಕೆಲಸ ಕೊಟ್ಟು, ತಪ್ಪು ಹೆಚ್ಚಾಯಿತೆಂದು ಹೇಳಿ, ಲಾಯರ್ ನೋಟಿಸ್ ಹೆಸರಿನಲ್ಲಿ ಹೆದರಿಸಿ ವಸೂಲು ಮಾಡುವುದು ಇನ್ನೊಂದು ಬಗೆ. ಎರಡನೆಯದು ಶುದ್ಧ ವಂಚನೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಎನ್‌ಪಿಟಿಇಎಲ್ ಕೋರ್ಸ್‌ಗಳು ಸಾಮಾನ್ಯವಾಗಿ ಜನವರಿ ಮತ್ತು ಜುಲೈ ಹೊತ್ತಿಗೆ ಶುರುವಾಗುತ್ತವೆ. ಪರೀಕ್ಷೆ ಹೆಚ್ಚಾಗಿ ವಾರಾಂತ್ಯದಲ್ಲಿ, ಕೇಂದ್ರ ಬೆಂಗಳೂರಿನಲ್ಲಿ ಸಿಕ್ಕೀತು. ಹಾರೋಹಳ್ಳಿಯಲ್ಲಿ ಎಲ್ಲರ ವಾರದ ರಜೆಯೂ ಭಾನುವಾರವೇ ಇರುವುದಿಲ್ಲ. ಆ 1000 ರೂಪಾಯಿ ಕಟ್ಟುವ ಮೊದಲು ಪರೀಕ್ಷೆಯ ತಾರೀಕನ್ನು ಸೂಪರ್‌ವೈಸರ್‌ಗೆ ತೋರಿಸಿ, ಆ ದಿನ ರಾತ್ರಿ ಪಾಳಿ ಬೀಳದ ಹಾಗೆ ಮಾತಾಡಿಕೊಳ್ಳಿ. ಬಾಯಿಮಾತು ಬೇಡ, ಮೇಲ್ ಬರೆಯಿರಿ.