ಗುಳೆ ಹೋಗುವವರ ಗಂಟು

ಸುರಪುರ ತಾಲೂಕಿನ ಕಕ್ಕೇರಾ ಹಾಗೂ ಅದರ ಸುತ್ತಲಿನ ದೊಡ್ಡಿ, ತಾಂಡಾಗಳಿಂದ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಕೂಲಿಗಾಗಿ ಗುಳೆ ಹೋಗುವ ಸಂಸಾರಗಳ ವಿಷಯವು ನಮ್ಮ ವಾಚಕರಿಗೆ ಹೊಸದಲ್ಲ. ಅವರು ಊರು ಬಿಡುವ ಕಾರಣಗಳನ್ನು ಕುರಿತು ಚರ್ಚೆಯು ಬೇಕಾದಷ್ಟು ನಡೆದಿರುವದು. ದುಡಿದ ಹಣವು ದಾರಿಯಲ್ಲಿ ಕೈಬಿಡದೆ ಮನೆಗೆ ಮುಟ್ಟುವದೋ ಇಲ್ಲವೋ ಎಂಬ ಪ್ರಶ್ನೆಯ ಕಡೆಗೆ ಮಾತ್ರ ಅಧಿಕಾರಿವರ್ಗದ ಲಕ್ಷ್ಯವು ಸಾಲದಾಗಿದೆಯೆಂದು ನಾವು ಭಾವಿಸುತ್ತೇವೆ.

ಈ ಸೀಮೆಯ ಪ್ರವಾಸಿಕನಿಗೆ ಹಣದ ಚಿಂತೆಯು ಹಳೆಯದು. 1948ರ ಸೆಪ್ಟೆಂಬರದ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ಸುರಪುರದವನು ಊರಲ್ಲಿ ಎಣಿಸುತ್ತಿದ್ದುದು ಹಾಲಿ ಸಿಕ್ಕಾ ರೂಪಾಯಿ. ವಿಜಾಪುರ ಜಿಲ್ಲೆಯ ಗಡಿ ದಾಟಿದೊಡನೆ ಬೇಕಾಗುತ್ತಿದ್ದುದು ಕಲ್ದಾರ ರೂಪಾಯಿ. ಭಾಷೆಯೊಂದು, ನೆಲವೊಂದು, ನಾಣ್ಯ ಮಾತ್ರ ಎರಡು! ವಿಲೀನದ ತರುವಾಯ, 1950ರಲ್ಲಿ, ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ದರವು ಗೊತ್ತಾಯಿತು. 1959ರಲ್ಲಿ ಹಾಲಿ ಸಿಕ್ಕಾದ ಮಾನ್ಯತೆಯು ಪೂರ್ತಿಯಾಗಿ ರದ್ದಾಯಿತು. ಅಲ್ಲಿಯ ವರೆಗೆ, ದರವನ್ನು ಅರಿಯದವನಿಗೆ ವಟ್ಟದಲ್ಲಿ ಹಾನಿಯಾಗುವ ಅಂಜಿಕೆಯು ಇದ್ದೇ ಇದ್ದಿತು.

ಈಗ ನಾಣ್ಯವು ಒಂದೇ. ನಡುವಿಗೆ ಕಟ್ಟುತ್ತಿದ್ದ ಹಮ್ಮೀಣಿಯ ಸ್ಥಾನಕ್ಕೆ ಮೊಬೈಲು ಬಂದಿರುವದು. ಆದರೆ ಹಮ್ಮೀಣಿಯು ಕಳುವಾದರೆ ಅದರೊಳಗಿದ್ದಷ್ಟೇ ಹೋಗುತ್ತಿತ್ತು. ಪಿನ್ ಸಂಖ್ಯೆಯನ್ನು ಪರರಿಗೆ ಹೇಳಿದವನ ಖಾತೆಯೇ ಬರಿದಾಗಬಹುದು. ಆದುದರಿಂದ ಯಾದಗಿರಿಯಲ್ಲಿ ರೈಲು ಹತ್ತುವವನು ದುಡಿಮೆಯ ಬಹುಭಾಗವನ್ನು ಮೊಬೈಲಿಗೆ ಜೋಡಿಸದ ಬೇರೊಂದು ಖಾತೆಯಲ್ಲಿಟ್ಟು, ದಾರಿಯ ವೆಚ್ಚದಷ್ಟನ್ನೇ ಯುಪಿಐ ಖಾತೆಯಲ್ಲಿ ಇಟ್ಟುಕೊಳ್ಳುವದು ಲೇಸು. ಹಣ ಕಳುಹಿಸುವದಕ್ಕೆ ಪಿನ್ ಬೇಕು, ಪಡೆಯುವದಕ್ಕೆ ಬೇಡವೇ ಬೇಡ. ಈ ಒಂದು ಮಾತನ್ನು ಅರಿಯದೆ ಮೋಸಹೋದವರು ಅಕ್ಷರಸ್ಥರಲ್ಲಿಯೂ ಉಂಟು. ಎಟಿಎಂ ಮುಂದೆ ಅಪರಿಚಿತರ ಕೈಗೆ ಕಾರ್ಡು ಕೊಟ್ಟು ಸಹಾಯ ಬೇಡುವದು, ಕಾರ್ಡಿನ ಲಕೋಟೆಯ ಮೇಲೆಯೇ ಪಿನ್ ಬರೆದಿಡುವದು, ಇವೆರಡೂ ಕಳ್ಳನಿಗೆ ಬೀಗದ ಕೈ ಕೊಟ್ಟಂತೆ. ಹೆಬ್ಬೆಟ್ಟೊತ್ತಿ ಹಣ ತೆಗೆಯುವವರು ಆಧಾರದ ಬೆರಳಚ್ಚಿಗೆ ಬೀಗ ಹಾಕಿಸಿಡಬಹುದು, ಬೇಕಾದಾಗ ತೆರೆಯಬಹುದು. ಮೊಬೈಲು ಕಳೆದರೆ ಮೊದಲು ಸಿಮ್ಮನ್ನು ನಿಲ್ಲಿಸಿ, ಅನಂತರ ಬ್ಯಾಂಕಿಗೆ ತಿಳಿಸತಕ್ಕದ್ದು. ವಂಚನೆಯಾದರೆ 1930ಕ್ಕೆ ಒಡನೆಯೇ ಕರೆಮಾಡಬೇಕು. ಹಣವು ಖಾತೆಯಿಂದ ಖಾತೆಗೆ ಹರಿದುಹೋಗುವ ಮೊದಲು ತಡೆಹಿಡಿಯುವ ಸಾಧ್ಯತೆಯು ಆ ಮೊದಲ ಗಳಿಗೆಗಳಲ್ಲಿಯೇ ಹೆಚ್ಚು.

ಇಷ್ಟನ್ನು ಪ್ರವಾಸಿಕನು ಮಾಡಬಹುದು. ಬ್ಯಾಂಕುಗಳ ಹೊಣೆಯೇನು? ರಿಜರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ನಿರ್ದೇಶದ ಮೇರೆಗೆ, ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿದ್ದು, ಗ್ರಾಹಕನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದಾದರೆ, ಹಾನಿಯ ಹೊಣೆಯು ಅವನ ಮೇಲೆ ಎಳ್ಳಷ್ಟೂ ಇಲ್ಲ. ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದರೆ ಜನಧನದಂಥ ಮೂಲ ಉಳಿತಾಯ ಖಾತೆಯವನ ಹೊಣೆಯು ಹೆಚ್ಚೆಂದರೆ 5,000 ರೂಪಾಯಿ. ತಾನೇ ಪಿನ್ ಹೇಳಿ ಕೆಟ್ಟವನು ಕೂಡ ಬ್ಯಾಂಕಿಗೆ ತಿಳಿಸಿದ ಬಳಿಕದ ಹಾನಿಗೆ ಗುರಿಯಾಗತಕ್ಕದ್ದಲ್ಲ. ನಿಯಮವು ನ್ಯಾಯವಾಗಿಯೇ ಇದೆ. ಆದರೆ ಆ ದಿನಗಳ ಎಣಿಕೆಯು ಬ್ಯಾಂಕಿನ ಸೂಚನೆಯು ಗ್ರಾಹಕನಿಗೆ ಮುಟ್ಟಿದಲ್ಲಿಂದ ಮೊದಲಾಗುವದು. ಆ ಸೂಚನೆಯೋ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರುವದು! ಪುಣೆಯ ಕಟ್ಟಡವೊಂದರ ಮೇಲೆ ಸಿಮೆಂಟು ಹೊರುತ್ತಿರುವ ಕಕ್ಕೇರಾದ ಹೆಣ್ಣುಮಗಳು ಅದನ್ನು ಓದಿಸಿಕೊಳ್ಳುವದು ಯಾರಿಂದ? ಅವಳು ಓದಬಲ್ಲವರನ್ನು ಹುಡುಕುವಷ್ಟರಲ್ಲಿ ಮೂರು ದಿನಗಳು ಕಳೆದುಹೋದರೆ ಅಪರಾಧವು ಅವಳದೆ?

ಎಲ್ಲ ಕಡೆಯೂ ಭಾಷೆಯ ಮಾತನ್ನೇ ಎತ್ತುವೆವೆಂದು ನಮ್ಮನ್ನು ಕೆಲವರು ನಗುವದುಂಟು. ನಗಲಿ. ಗ್ರಾಹಕರಿಗಾಗಿ ಶಾಖೆಯಲ್ಲಿಡುವ ಫಾರ್ಮು, ಚಲನ್ ಮೊದಲಾದವು ಹಿಂದಿ, ಇಂಗ್ಲಿಷುಗಳ ಸಂಗಡ ಪ್ರಾದೇಶಿಕ ಭಾಷೆಯಲ್ಲಿಯೂ ಇರತಕ್ಕದ್ದೆಂದು ರಿಜರ್ವ್ ಬ್ಯಾಂಕೇ ವಿಧಿಸಿರುವಾಗ, ಹಣ ಹೋದ ಸುದ್ದಿಯನ್ನು ಕನ್ನಡದಲ್ಲಿ ತಿಳಿಸುವದಕ್ಕೆ ಅಡ್ಡಿಯೇನು? ಖಾತೆ ತೆರೆಯುವಾಗಲೇ ಸೂಚನೆಯು ಯಾವ ಭಾಷೆಯಲ್ಲಿ ಬೇಕೆಂದು ಕೇಳಿ ಬರೆದುಕೊಳ್ಳಬೇಕು. ಕಕ್ಕೇರಾದ ಪುರಸಭೆಯವರು 1930 ಎಂಬ ಸಂಖ್ಯೆಯನ್ನೂ ಮೂರು ದಿನಗಳ ನಿಯಮವನ್ನೂ ದಪ್ಪ ಕನ್ನಡ ಅಕ್ಷರಗಳಲ್ಲಿ ಬಸ್ಸು ನಿಲ್ಲುವೆಡೆಯ ಗೋಡೆಯ ಮೇಲೆ ಬರೆಯಿಸಲಿ. ಗುಳೆಯ ಬಸ್ಸುಗಳು ಹೊರಡುವ ಮುಂಚೆ, ಸುರಪುರದ ಬ್ಯಾಂಕಧಿಕಾರಿಗಳು ಸಂತೆಯ ದಿನವೊಂದು ತಾಸು ಅಲ್ಲಿ ಬಂದು ನಿಂತು ಅದನ್ನು ಜನರಿಗೆ ಓದಿ ಹೇಳಲಿ.